ಬಂಡೆಗಳ ನಾಡಿನಲ್ಲಿ

ಇಟಲಿಯ ಸಿಯೆನಾ, ಅಸ್ಸಿಸಿಗಳಂತಹ ಬೆಟ್ಟದ ಮೇಲಣ ಪುರಾತನ ನಗರಗಳ ಚಿತ್ರ ಕಂಡು ತಲೆದೂಗುವ ನಮ್ಮಲ್ಲಿ, ಬಳ್ಳಾರಿ ಸೀಮೆಯ ಕಲ್ಲುಗುಡ್ಡಗಳನ್ನು ಹತ್ತಿ ನೋಡಿದವರೆಷ್ಟು ಮಂದಿ? ಸಿರಿಗೇರಿಯ ಸುತ್ತ ಸಂಚರಿಸುವವರಿಗೆ ಒಂದೆಡೆ ತುಂಗಭದ್ರೆಯ ಕಾಲುವೆಯ ನೀರುಂಡು ನಳನಳಿಸುವ ಬತ್ತದ ಗದ್ದೆಗಳು, ಇನ್ನೊಂದೆಡೆ ಎರೆಮಣ್ಣಿನ ಹೊಲಗಳು. ನಡುನಡುವೆ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಹ ಗುಡ್ಡಗಳು ಕಾಣಸಿಗುತ್ತವೆ.

ಕುರುಗೋಡು ಅಂತಹ ಗುಡ್ಡದ ಮಡಿಲಿನ ಊರು. 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರು ಇಲ್ಲಿ ಆಳಿದರು. ಬೆಟ್ಟದ ಮೇಲೆ ಹಳೆಯ ಕೋಟೆ, ಕೆಳಗೆ ಶಿಥಿಲ ದೇಗುಲಗಳು. ಊರಿನ ಹೆಮ್ಮೆಯಾದ ದೊಡ್ಡ ಬಸವೇಶ್ವರನ ಬೃಹತ್ ಮೂರ್ತಿಯ ಮುಂದೆ ನಿಂತಾಗ ಯಾತ್ರಿಕನ ತಲೆ ತಾನಾಗಿ ಬಾಗುತ್ತದೆ.

ಬಳ್ಳಾರಿಯ ಏಕಶಿಲೆಯ ಗುಡ್ಡದ ನೆತ್ತಿಯಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಮೇಲುಕೋಟೆಯನ್ನು ಕಟ್ಟಿಸಿದನು; ಹೈದರಾಲಿ ಕೆಳಕೋಟೆಯನ್ನು ಬಲಪಡಿಸಿದನು. ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವೆಂದು ತಡವಾಗಿ ತಿಳಿದ ಹೈದರನು, ಕಟ್ಟಿದ ಫ್ರೆಂಚ್ ಎಂಜಿನಿಯರನನ್ನೇ ಗಲ್ಲಿಗೇರಿಸಿದನೆಂಬ ಐತಿಹ್ಯ ಇಂದಿಗೂ ಜನರ ಬಾಯಲ್ಲಿದೆ. 1800ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಸೇರಿದ ಈ ನಗರ, 1953ರಲ್ಲಿ ಮೈಸೂರು ರಾಜ್ಯವನ್ನು ಕೂಡಿಕೊಂಡಿತು.

ಆದರೆ ಕೋಟೆಗಳು ನಿನ್ನೆ ಮೊನ್ನೆಯವು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳಗಳ ಬಂಡೆಗಳ ಮೇಲೆ ಅಶೋಕನ ಹೆಸರೇ ಕೊರೆದಿರುವ ಶಾಸನಗಳಿವೆ. ತೆಕ್ಕಲಕೋಟೆಯಲ್ಲಿಯೂ ಬಳ್ಳಾರಿಗೆ ಸಮೀಪದ ಸಂಗನಕಲ್ಲಿನಲ್ಲಿಯೂ ನವಶಿಲಾಯುಗದ ಮಾನವನು ಗುಡ್ಡದ ಮೇಲೆಯೇ ಗುಡಿಸಲು ಹೂಡಿ, ದನ ಸಾಕಿ, ಕಲ್ಲುಕೊಡಲಿ ಮಸೆದನು. ಕುಪ್ಪಗಲ್ಲಿನ ಬಂಡೆಗಳ ಮೇಲೆ ಅವನು ಕುಟ್ಟಿ ಮೂಡಿಸಿದ ನೀಳಕೊಂಬಿನ ಗೂಳಿಗಳನ್ನು ಕಾಣಬಹುದು. ಅಲ್ಲಿನ ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯಂತೆ ನಾದಗೈಯುತ್ತವೆ!

ವಿಷಾದದ ಸಂಗತಿಯೆಂದರೆ, ಈ ಗುಡ್ಡಗಳ ಮಗ್ಗುಲಲ್ಲಿಯೇ ಕಲ್ಲುಗಣಿಗಳ ಸಿಡಿಮದ್ದು ಸಿಡಿದು, ಸಾವಿರಾರು ವರ್ಷಗಳ ಕುರುಹುಗಳಲ್ಲಿ ಹಲವು ಜಲ್ಲಿಯಾಗಿ ಹೋಗಿವೆ. ಕೂಲಿಯವನಿಗೆ ಅನ್ನ ಬೇಕು, ರಸ್ತೆಗೆ ಕಲ್ಲು ಬೇಕು, ದಿಟ. ಆದರೆ ಜಲ್ಲಿಗೆ ಬೇರೆ ಬಂಡೆ ದೊರೆತೀತು. ಗೂಳಿಯ ಚಿತ್ರ ಹೊತ್ತ ಬಂಡೆಯನ್ನು ಮರಳಿ ತರುವವರಾರು? ಇಟಲಿಯವರು ತಮ್ಮ ಬೆಟ್ಟದೂರುಗಳನ್ನು ಉಳಿಸಿಕೊಂಡುದು ಅವುಗಳ ಬೆಲೆಯರಿತುದರಿಂದ. ಚಳಿಗಾಲದ ಒಂದು ಮುಂಜಾನೆ, ಬಂಡೆ ಕಾಯುವ ಮುನ್ನ, ವಾಚಕರು ಮಕ್ಕಳೊಡನೆ ಈ ಗುಡ್ಡಗಳನ್ನೇರಲಿ. ಕಣ್ಣಾರೆ ಕಂಡುದನ್ನು ಕಾಪಾಡಬೇಕೆಂಬ ಮನಸ್ಸು ಮಕ್ಕಳಲ್ಲಿ ತಾನಾಗಿಯೇ ಮೂಡೀತು.