ಮಳೆ ಕಾಣದ ನಾಡಿನ ಮೂರು ಬಣ್ಣದ ಲೋಟ

ಪೆರು ದೇಶದ ರಾಜಧಾನಿ ಲೀಮಾದಿಂದ ಶಾಂತಸಾಗರದ ದಂಡೆಗುಂಟ ದಕ್ಷಿಣಕ್ಕೆ ಹೊರಟರೆ ಒಂದು ಕಡೆ ನೀಲಿ ಸಮುದ್ರ, ಇನ್ನೊಂದು ಕಡೆ ಬೋಳು ಮರಳುಗಾಡು. ದಾರಿಯಲ್ಲಿ ಪಿಸ್ಕೊ ಎಂಬ ಬಂದರು ಸಿಗುತ್ತದೆ. ಕೆಚುವಾ ಭಾಷೆಯಲ್ಲಿ ಈ ಪದದ ಮೂಲಾರ್ಥ ಹಕ್ಕಿ. 2007ರ ಆಗಸ್ಟ್ 15ರ ಭೂಕಂಪದಲ್ಲಿ ನೆಲಸಮವಾಗಿ ಮತ್ತೆ ಎದ್ದು ನಿಂತ ಊರಿದು. ಅಲ್ಲಿಂದ ಒಳನಾಡಿಗೆ ತಿರುಗಿ, ಲೀಮಾದಿಂದ ಸುಮಾರು 300 ಕಿ.ಮೀ. ಸಾಗಿದರೆ ಈಕಾ ನಗರ. ಮರಳಿನ ನಡುವೆ ಇದ್ದಕ್ಕಿದ್ದಂತೆ ಹಸಿರು ದ್ರಾಕ್ಷಿ ತೋಟಗಳು!

ದ್ರಾಕ್ಷಿಯನ್ನು ಇಲ್ಲಿಗೆ ತಂದವರು 16ನೇ ಶತಮಾನದ ಸ್ಪೇನಿನವರು. ಹುದುಗಿಸಿದ ದ್ರಾಕ್ಷಿರಸವನ್ನು ತಾಮ್ರದ ಹಂಡೆಯಲ್ಲಿ ಕಾಯಿಸಿ ಬಟ್ಟಿ ಇಳಿಸುತ್ತಾರೆ. ಮದ್ಯಸಾರ ನೀರಿಗಿಂತ ಬೇಗ, 78 ಡಿಗ್ರಿ ಸೆಲ್ಸಿಯಸ್‌ನಲ್ಲೇ, ಕುದಿಯುವುದರಿಂದ ಆವಿಯಲ್ಲಿ ಅದರ ಪಾಲು ಹೆಚ್ಚು. ಆವಿ ತಣಿದಾಗ ದೊರೆಯುವುದೇ ಪಿಸ್ಕೊ. ಬಂದರಿನ ಹೆಸರೇ ಮದ್ಯಕ್ಕೂ ಬಂದಿದೆ. ಪೆರುವಿನ ನಿಯಮದಂತೆ ಇದಕ್ಕೆ ನೀರು ಬೆರೆಸುವಂತಿಲ್ಲ.

ಪೆರುವಿನ ಪಾನೀಯವೊಂದಕ್ಕೆ 'ಮಾಚು ಪಿಚು' ಎಂದು ಹೆಸರು. ತಳದಲ್ಲಿ ಕೆಂಪು ದಾಳಿಂಬೆ ಪಾಕ, ನಡುವೆ ಕಿತ್ತಳೆ ರಸ, ಮೇಲೆ ಪಿಸ್ಕೊದೊಡನೆ ಬೆರೆಸಿದ ಹಸಿರು ಪುದೀನ ಮದ್ಯ. ಮೂರೂ ಬೆರೆಯದೆ ನಿಲ್ಲುತ್ತವೆ. ಕಾರಣ ಸಾಂದ್ರತೆ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗಿದರೆ ಶುದ್ಧ ಮದ್ಯಸಾರ ಸುಮಾರು 790 ಗ್ರಾಂ ಮಾತ್ರ. ಸಕ್ಕರೆ ಕರಗಿದ ಪಾಕವೋ ನೀರಿಗಿಂತ ಭಾರ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ.

ಇದನ್ನು ಮಕ್ಕಳು ಮದ್ಯವಿಲ್ಲದೆಯೇ ಮಾಡಿ ನೋಡಬಹುದು. ಗಾಜಿನ ಲೋಟದ ತಳಕ್ಕೆ ಬೀಟ್‌ರೂಟ್ ಬಣ್ಣದ ಗಟ್ಟಿ ಸಕ್ಕರೆ ಪಾಕ ಹಾಕಿ. ಚಮಚವನ್ನು ಬೋರಲಾಗಿ ಹಿಡಿದು, ಅದರ ಬೆನ್ನಿನ ಮೇಲೆ ಸೋಸಿದ ಕಿತ್ತಳೆ ರಸವನ್ನು ನಿಧಾನವಾಗಿ ಇಳಿಸಿ. ಕೊನೆಗೆ ಅದೇ ರೀತಿ ಬರಿಯ ನೀರು. ಅವಸರ ಮಾಡಿದರೆ ಎಲ್ಲ ಕಲಸಿಹೋಗುತ್ತದೆ.

ಈಕಾದ ಆಕಾಶದಲ್ಲೂ ಇದೇ ನಿಯಮ. ದಕ್ಷಿಣದಿಂದ ಹರಿದುಬರುವ ಹಂಬೋಲ್ಟ್ ಶೀತಪ್ರವಾಹ ಸಮುದ್ರದ ಮೇಲಿನ ಗಾಳಿಯನ್ನು ತಣಿಸುತ್ತದೆ. ತಣ್ಣನೆಯ ಭಾರದ ಗಾಳಿ ಕೆಳಗೆ, ಬೆಚ್ಚನೆಯ ಹಗುರ ಗಾಳಿ ಮೇಲೆ. ಕೆಳಗಿನದು ಮೇಲೇರದಿದ್ದರೆ ಮಳೆಮೋಡ ಕಟ್ಟುವುದೆಲ್ಲಿ? ಕರಾವಳಿಗೆ ಮಂಜು ಕವಿಯುತ್ತದೆಯೇ ಹೊರತು ಮಳೆ ಬಹಳ ಅಪರೂಪ.

ಹಾಗಾದರೆ ತೋಟಗಳಿಗೆ ನೀರು? ಆಂಡಿಸ್ ಬೆಟ್ಟಗಳಲ್ಲಿ ಸುರಿದ ಮಳೆ ಈಕಾ ನದಿಯಾಗಿ ವರ್ಷದಲ್ಲಿ ಕೆಲವು ತಿಂಗಳು ಹರಿಯುತ್ತದೆ. ಇಂಕಾ ಅರಸರ ಕಾಲದ್ದೆಂದು ಜನ ಹೇಳುವ ಅಚಿರಾನಾ ಕಾಲುವೆ ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ. ಉಳಿದ ಆಸರೆ ಅಂತರ್ಜಲ. 1990ರ ದಶಕದಿಂದೀಚೆಗೆ ಹೊರದೇಶಗಳಿಗೆ ಶತಾವರಿಯ ಎಳೆ ಕುಡಿಗಳನ್ನು ಕಳಿಸುವ ದೊಡ್ಡ ತೋಟಗಳು ಹೆಚ್ಚಿದವು. ಆಳವಾದ ಬಾವಿಗಳು ಬಂದವು. ಇಳಿಯುತ್ತಿರುವ ನೀರನ್ನು ಬೆನ್ನಟ್ಟಿ ಬಾವಿ ತೋಡಲು ಸಣ್ಣ ರೈತನ ಬಳಿ ಹಣವೆಲ್ಲಿದೆ?

ಈಕಾದ ಪಕ್ಕದಲ್ಲೇ ಮರಳ ದಿಬ್ಬಗಳ ನಡುವೆ ವಾಕಾಚೀನ ಎಂಬ ಪುಟ್ಟ ಸರೋವರವಿದೆ. ಅಂತರ್ಜಲವೇ ಉಕ್ಕಿ ತುಂಬುತ್ತಿದ್ದ ಅದಕ್ಕೆ ಈಗ ಹೊರಗಿನಿಂದ ನೀರು ತುಂಬಿಸಬೇಕಾಗಿದೆ. ಲೋಟದಲ್ಲಿ ಪದರ ಕಲಕಿದರೆ ಇನ್ನೊಂದು ಲೋಟ ಮಾಡಿಕೊಳ್ಳಬಹುದು. ನೆಲದಡಿಯಲ್ಲಿ ಬಹುಕಾಲದಿಂದ ಕೂಡಿದ ನೀರಿನ ಪದರವನ್ನು ಮತ್ತೆ ತುಂಬುವುದು ಅಷ್ಟು ಸುಲಭವಲ್ಲ.