ಅರ್ಜೆಂಟ್ ಅದರಿ, ಮೊದಲ ನಂದು ಮಾಡ್ರಿ

ಬೀದರ್ ಜಿಲ್ಲೆಯ ಭಾತಂಬ್ರಾದಲ್ಲಿ ಬಸ್ಸಿಗೆ ಕಾಯುತ್ತ ಚಹಾದಂಗಡಿಯಲ್ಲಿ ಅರ್ಧ ತಾಸು ಕೂತರೆ ಸಾಕು, ‘ಅರ್ಜೆಂಟ್’ ಎನ್ನುವುದು ನಾಕೂ ಕಡೆಯಿಂದ ಕಿವಿಗೆ ಬೀಳುತ್ತದೆ. ಭಾಲ್ಕಿಗೆ ಹೋಗುವುದು ಅರ್ಜೆಂಟ್, ಮದುವೆಯ ಬ್ಯಾನರ್ ಅರ್ಜೆಂಟ್, ಮೊಬೈಲ್ ರಿಚಾರ್ಜೂ ಅರ್ಜೆಂಟ್. ಪಕ್ಕದ ಝೆರಾಕ್ಸ್ ಅಂಗಡಿಗೆ ಬಂದ ಹುಡುಗನೊಬ್ಬ, “ಕಾಕಾ, ಜರಾ ಅರ್ಜೆಂಟ್ ಅದರಿ, ಮೊದಲ ನಂದು ಮಾಡ್ರಿ” ಅಂದ. ಅವನಿಗಿಂತ ಮುಂಚೆ ಬಂದು ಪಹಣಿ ಹಿಡಿದು ನಿಂತಿದ್ದ ಮುದುಕಿ ಮಾತಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದಳು. ಆಕೆಗೂ ಕಚೇರಿ ಮುಚ್ಚುವ ಹೊತ್ತಿನೊಳಗೆ ಎಲ್ಲಿಗಾದರೂ ಮುಟ್ಟಬೇಕಿತ್ತೇನೋ. ಯಾರೂ ಕೇಳಲಿಲ್ಲ.

ಲ್ಯಾಟಿನ್ನಿನಲ್ಲಿ ಅರ್ಜೆಂಟ್ ಪದದ ಬೇರಿಗೆ ಒತ್ತು, ನೂಕು ಎಂಬ ಅರ್ಥವಿದೆ. ಅಂದಮೇಲೆ ಅರ್ಜೆಂಟ್ ಅನ್ನುವವನು ಸರದಿಯಲ್ಲಿ ಒಬ್ಬರನ್ನಾದರೂ ನೂಕಿಯೇ ಮುಂದೆ ಹೋಗುತ್ತಾನೆ. ಕೆಲವೊಮ್ಮೆ ನೂಕಲೇಬೇಕಾಗುತ್ತದೆ ಎನ್ನುವುದೂ ಖರೆ. ಯಾವಾಗ ಎನ್ನುವುದೇ ನನ್ನ ಚಿಂತೆ.

ನಮ್ಮ ಭಾಗದ ಜನಕ್ಕೆ ಯಾವ ಅವಸರ ಎಂಥದು ಎಂದು ಬೇರ್ಪಡಿಸಿ ಹೇಳುವುದು ಚೆನ್ನಾಗಿ ಗೊತ್ತಿತ್ತು. 1948ರವರೆಗೆ ಇಲ್ಲಿ ನಿಜಾಮರ ಆಳ್ವಿಕೆ, ಕಚೇರಿಯೆಲ್ಲ ಉರ್ದು. ಆ ಕಾಲದ ಮಾತುಗಳು ಇನ್ನೂ ಮನೆಮನೆಯಲ್ಲಿವೆ. ಜರೂರು ಅಂದರೆ ಬೇಕೇ ಬೇಕಾದದ್ದು. “ಲಗ್ನಕ್ಕ ಜರೂರ್ ಬರ್ರಿ” ಅನ್ನುವಾಗ ಓಡಿ ಬಾ ಅಂತಲ್ಲ, ತಪ್ಪಿಸಬೇಡ ಅಂತ. ಜಲ್ದಿ ಅಂದರೆ ಕಾಲು ಬೇಗ ಹಾಕು. ತಾಕೀದು ಅಂದರೆ ಒತ್ತಿ ಹೇಳಿದ ಮಾತು. ಗಡಬಡಿ ಅಂದರೆ ಕೈಕಾಲು ತೊಡಕಾಗುವ ಅವಸರ. “ಕೆಲಸ ಜರೂರ್ ಅದ, ಆದ್ರ ಗಡಬಡಿ ಇಲ್ಲ, ನಾಳಿ ಬಂದ್ರೂ ನಡೀತದ” ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅರ್ಜೆಂಟ್ ಬಂದು ಇವುಗಳ ನಡುವಿನ ಅಂತರವನ್ನು ನುಂಗಿತು. ಈಗ ಬೇಕಾದದ್ದೂ ಅದೇ, ಬೇಗ ಆಗಬೇಕಾದದ್ದೂ ಅದೇ, ಬರೀ ತಾಳ್ಮೆಗೆಟ್ಟದ್ದೂ ಅದೇ.

ಆಸ್ಪತ್ರೆಯವರು ಮಾತ್ರ ಈ ಕಲಸುಮೇಲೋಗರ ಮಾಡಿಕೊಂಡಿಲ್ಲ. ಅವರಿಗೆ ಅರ್ಜೆಂಟ್ ಬೇರೆ, ಎಮರ್ಜೆನ್ಸಿ ಬೇರೆ. ಮುಂಗೈ ಮೂಳೆ ಮುರಿದದ್ದು ಅರ್ಜೆಂಟ್: ನೋವಿದೆ, ಇವತ್ತೇ ನೋಡಬೇಕು, ಆದರೆ ಒಂದೆರಡು ತಾಸು ಕಾಯಬಹುದು. ಹೊಲದಲ್ಲಿ ಹಾವು ಕಚ್ಚಿ, ಕಣ್ಣೆವೆ ಜೋತುಬಿದ್ದು, ಮಾತು ತೊದಲುತ್ತಿದೆ ಅಂದರೆ ಎಮರ್ಜೆನ್ಸಿ. ಆಗ ಕಟ್ಟು ಕಟ್ಟುವುದು, ಕೊಯ್ದು ರಕ್ತ ತೆಗೆಯುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲುಗದಂತೆ ನೋಡಿಕೊಂಡು, 108ಕ್ಕೆ ಫೋನ್ ಹಚ್ಚಿ, ವಿಷನಿರೋಧಕ ಇರುವ ಆಸ್ಪತ್ರೆಗೆ ಒಯ್ಯಬೇಕು. ಆ ಹೊತ್ತಿನಲ್ಲಿ ಯಾರನ್ನು ಸರಿಸಿ ಮುಂದೆ ಹೋದರೂ ಬೇಜಾರಾಗುವವರಿಲ್ಲ.

ರೈತನ ಅವಸರವೂ ಇಷ್ಟೇ ನಿಜವಾದದ್ದು, ಅದಕ್ಕೆ ಗದ್ದಲ ಮಾತ್ರ ಇಲ್ಲ. ಮಿರಗದ ಮಳೆ ಬಿದ್ದ ಮೇಲೆ ಕಪ್ಪು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾರೆ. ಅಂಟಿದರೆ ಕೂರಿಗೆ ನಡೆಯುವುದಿಲ್ಲ, ಒಣಗಿ ಉದುರಿದರೆ ಬೀಜ ಮೊಳೆಯುವುದಿಲ್ಲ. ನಡುವೆ ಸಿಗುವ ಕೆಲವೇ ದಿನ ಹದ. ಹೆಸರು, ಉದ್ದು, ಸೋಯಾ ಎಲ್ಲಕ್ಕೂ ಅಷ್ಟೇ ಅವಕಾಶ. “ಹದ ಬಂದದ” ಅಂದರೆ ಸಾಕು, ಹೊಲಕ್ಕೆ ಹೊರಟವನನ್ನು ಯಾರೂ ನಿಲ್ಲಿಸಿ ಮಾತಾಡಿಸುವುದಿಲ್ಲ.

ಇನ್ನೊಂದು ಬಗೆಯ ಅವಸರದ ಕತೆಯೂ ನಮ್ಮ ಬೀದರಿಗಿದೆ. 1472ರ ಸುಮಾರಿಗೆ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗಾವಾನನ ವಿರೋಧಿಗಳು ಅವನ ಮೊಹರು ಬಿದ್ದ ಖಾಲಿ ಕಾಗದದ ಮೇಲೆ ಒರಿಸ್ಸಾದ ರಾಜನಿಗೆ ಬರೆದಂತೆ ರಾಜದ್ರೋಹದ ಸುಳ್ಳು ಪತ್ರ ಸೃಷ್ಟಿಸಿದರು. ಮೊಹರು ನನ್ನದೇ, ಬರಹ ನನ್ನದಲ್ಲ ಎಂದು ಗಾವಾನ್ ಹೇಳಿದ. ಸುಲ್ತಾನ ಮೂರನೆಯ ಮುಹಮ್ಮದ್ ಷಾ ವಿಚಾರಣೆಗೆ ಒಂದು ದಿನವನ್ನೂ ಕೊಡಲಿಲ್ಲ. 1481ರಲ್ಲಿ ಮುದುಕ ವಜೀರನ ತಲೆ ತಕ್ಷಣವೇ ಉರುಳಿತು. ಮರುವರ್ಷ ಸುಲ್ತಾನನೂ ಸತ್ತ, ರಾಜ್ಯ ಮುಂದೆ ಐದು ಹೋಳಾಯಿತು. ಆ ಪತ್ರವನ್ನು ನಾಲ್ಕು ದಿನ ಪರಿಶೀಲಿಸಿದ್ದರೆ ಯಾರಿಗೇನು ನಷ್ಟವಾಗುತ್ತಿತ್ತು? ಆ ಮದರಸಾದ ಮುಂದೆ ನಿಂತಾಗಲೆಲ್ಲ ನನಗೆ ಈ ಪ್ರಶ್ನೆ ಬಂದು ಸಂಕಟವಾಗುತ್ತದೆ.

ಆಳುವವರ ಬಾಯಲ್ಲಿ ತುರ್ತು ಎಂಬ ಮಾತು ಬಂದರೆ ಎದುರಿನವರ ಬಾಯಿ ಮುಚ್ಚಿಸುವುದು ಸುಲಭ. 1894ರ ಭೂಸ್ವಾಧೀನ ಕಾಯ್ದೆಯ 17ನೇ ಕಲಮಿನಡಿ ತುರ್ತು ಅಂದರೆ ರೈತನ ಆಕ್ಷೇಪಣೆ ಕೇಳದೆಯೇ ಹೊಲ ತೆಗೆದುಕೊಳ್ಳಬಹುದಿತ್ತು. 2013ರ ಕಾಯ್ದೆ ಅದನ್ನು ದೇಶದ ರಕ್ಷಣೆ, ಭದ್ರತೆ, ನೈಸರ್ಗಿಕ ವಿಕೋಪ ಮುಂತಾದ ಕೆಲವೇ ಸಂದರ್ಭಗಳಿಗೆ ಕಟ್ಟಿಹಾಕಿತು. 1975ರ ತುರ್ತು ಪರಿಸ್ಥಿತಿ ಹೇರಿದ್ದು ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಮಾತಿನ ಮೇಲೆ. 1978ರ 44ನೇ ತಿದ್ದುಪಡಿ ಆ ಜಾಗಕ್ಕೆ ‘ಸಶಸ್ತ್ರ ಬಂಡಾಯ’ವನ್ನು ತಂದಿಟ್ಟಿತು. ಒಂದು ಪದವನ್ನು ಬಿಗಿ ಮಾಡಲು ದೇಶ ಇಪ್ಪತ್ತೊಂದು ತಿಂಗಳ ಬೆಲೆ ತೆತ್ತಿತು.

ಇಷ್ಟೆಲ್ಲ ಆದರೂ ಕಚೇರಿಯ ಸುತ್ತೋಲೆಗಳ ನೆತ್ತಿಯ ಮೇಲೆ ‘ಅತಿ ಜರೂರು’ ಕೂತೇ ಇದೆ. ಸಂಜೆ ವಾಟ್ಸಾಪಿನಲ್ಲಿ ಬರುತ್ತದೆ, ಬೆಳಿಗ್ಗೆ ಹತ್ತರೊಳಗೆ ಮಾಹಿತಿ ಬೇಕು ಅನ್ನುತ್ತದೆ, ಹಳ್ಳಿಯ ಮಾಸ್ತರರು ಮಗ್ಗಿ ಹೇಳಿಕೊಡುವುದನ್ನು ಬಿಟ್ಟು ಹಾಳೆ ತುಂಬಿಸಲು ಕೂರುತ್ತಾರೆ. ಆ ಮಾಹಿತಿ ಯಾರಿಗೆ, ಯಾತಕ್ಕೆ ಎನ್ನುವುದು ಅವರಿಗೆ ತಿಳಿಯುವುದೇ ಇಲ್ಲ. ‘ಶುಕ್ರವಾರ ಸಭೆ ಇದೆ, ಗುರುವಾರ ಸಂಜೆ ಐದರೊಳಗೆ ಕಳಿಸಿ’ ಎಂದು ಒಂದು ಸಾಲು ಬರೆದರೆ ಮಾಸ್ತರರು ಪಾಠ ಮುಗಿಸಿಯೇ ಹಾಳೆ ತುಂಬಿಸಿಯಾರು, ಗುರುವಾರ ಸಾಧ್ಯವಿಲ್ಲದಿದ್ದರೆ “ಸರ್, ಶುಕ್ರವಾರ ಮುಂಜಾನಿ ಕೊಟ್ರ ನಡೀತದೇನ್ರಿ?” ಎಂದು ಕೇಳಲೂ ಅವರಿಗೆ ಬಾಯಿ ಬಂದೀತು.