ಅತ್ತೆ ಕಲಿಸಿದ ಸ್ವಿಚ್ಚು

ರಾತ್ರಿ ಮಲಗುವ ಮೊದಲು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ನನ್ನ ಕೆಲಸ. ಇದನ್ನು ಕಲಿಸಿದವರು ನಮ್ಮ ಅತ್ತೆ. ಆನಗೋಡಿನ ಈ ಮನೆಗೆ ನಾನು ಸೊಸೆಯಾಗಿ ಬಂದ ವಾರದಲ್ಲೇ, "ಕರೆಂಟು ಪುಕ್ಕಟೆ ಬರಲ್ಲ ತಾಯಿ" ಎಂದಿದ್ದರು. ನಮ್ಮಿಬ್ಬರ ನಡುವೆ ನಡೆದ ಮಾತೆಲ್ಲ ಹೆಚ್ಚುಕಡಿಮೆ ಇಷ್ಟೇ ಉದ್ದದ್ದು.

ಆದರೆ ಅತ್ತೆ ಹಾಡುತ್ತಿದ್ದರು. ಸೋಬಾನೆ ಪದ ಎತ್ತಿಕೊಂಡರೆ ಹೆದ್ದಾರಿಯ ಲಾರಿಗಳ ಸದ್ದು ಕೂಡ ನಮಗೆ ಕೇಳಿಸುತ್ತಿರಲಿಲ್ಲ. 1994ರಲ್ಲಿ ನಾದಿನಿಯ ಮದುವೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಆ ಹಾಡುಗಳು ಮೂರು ಕ್ಯಾಸೆಟ್ಟಿನಲ್ಲಿದ್ದವು. ರೀಲು ಸಿಕ್ಕಿಕೊಳ್ಳತೊಡಗಿದಾಗ ನನ್ನ ಮಗ ಅವನ್ನು ಪೆನ್‌ಡ್ರೈವಿಗೆ ಇಳಿಸಿ, ಇಂಟರ್ನೆಟ್ಟಿನ ರೂಟರ್ ಡಬ್ಬಿಯ ಬೆನ್ನಿಗೆ ಚುಚ್ಚಿಟ್ಟ. ಡಬ್ಬಿಯಲ್ಲಿ ಮಿನಿಡಿಎಲ್ಎನ್ಎ ಎಂಬ ಪುಟ್ಟ ಪ್ರೋಗ್ರಾಮು. ಅದು ಹಾಡುಗಳ ಪಟ್ಟಿ ಮಾಡಿ ಟೀವಿಗೆ ಕೊಡುತ್ತದೆ. ರೊಟ್ಟಿ ತಟ್ಟುವಾಗ ನಾನು ಅತ್ತೆಯ ಹಾಡು ಕೇಳುತ್ತಿದ್ದೆ. ಬದುಕಿದ್ದಾಗ ಕೇಳಿದ್ದಕ್ಕಿಂತ ಹೆಚ್ಚು.

ಈ ದೀಪಾವಳಿಗೆ ಬಂದವನು ರೂಟರಿನ ಮೂಲ ತಂತ್ರಾಂಶವನ್ನು ಹೊಸದು ಮಾಡಿದ. ಅದರ ಹೆಸರು ಓಪನ್‌ಡಬ್ಲ್ಯುಆರ್‌ಟಿ. 2004ರಲ್ಲಿ ಶುರುವಾದದ್ದು, ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಂತೆ. ಹೀಗೆ ಹೊಸದು ಮಾಡಿದಾಗ ಸೆಟ್ಟಿಂಗುಗಳು ಉಳಿದರೂ ನಾವು ಮೇಲೆ ಸೇರಿಸಿದ ಪ್ರೋಗ್ರಾಮುಗಳನ್ನು ಮತ್ತೆ ಹಾಕಬೇಕು. ಅದನ್ನೂ ಹಾಕಿ ಅವನು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟ. ಬೆಳಿಗ್ಗೆ ನೋಡಿದರೆ ಟೀವಿಯಲ್ಲಿ ಇಂಟರ್ನೆಟ್ಟು ಇದೆ, ಅತ್ತೆ ಇಲ್ಲ.

ನನಗೆ ಎದೆ ಧಸಕ್ಕೆಂದಿತು. ಕ್ಯಾಸೆಟ್ಟುಗಳನ್ನು ಹಿಂದಿನ ವರ್ಷವಷ್ಟೇ ನಾನೇ ಎಸೆದಿದ್ದೆ.

ಮಗ ಫೋನಿನಲ್ಲಿ, "ಗಾಬರಿ ಆಗಬ್ಯಾಡ. ಮೊದಲು ಹಾಡು ಅದಾವೋ ಇಲ್ಲೋ ನೋಡು" ಎಂದ. ಡಬ್ಬಿ ಆರಿಸಿ, ಪೆನ್‌ಡ್ರೈವು ತೆಗೆದು, ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿದೆ. ಎಲ್ಲ ಹಾಡೂ ಇದ್ದವು. ಅವನ್ನು ಲ್ಯಾಪ್‌ಟಾಪಿಗೂ ನಕಲು ಮಾಡಿಸಿದ ಮೇಲೆಯೇ ಅವನು ಮುಂದಿನ ಮಾತಾಡಿದ್ದು.

ಪೆನ್‌ಡ್ರೈವು ವಾಪಸ್ ಚುಚ್ಚಿ ಡಬ್ಬಿ ಹಚ್ಚಿದೆ. ಅವನು ಹೇಳಿದಂತೆ ಕಪ್ಪು ಪರದೆಯಲ್ಲಿ ಒಂದೊಂದೇ ಅಕ್ಷರ ಒತ್ತಿ 'ಲಾಗ್‌ರೀಡ್' ಎಂದು ಬರೆದೆ. ಡಬ್ಬಿಯ ದಿನಚರಿ ಕಾಣಿಸಿತು. ಪ್ರೋಗ್ರಾಮು ಏಳುತ್ತದೆ, ಹಾಡಿನ ಪಟ್ಟಿ ತೆರೆಯುತ್ತದೆ, ಬೀಳುತ್ತದೆ. ಹೀಗೆ ಐದಾರು ಸಲ ಬಿದ್ದೆದ್ದು ಕೊನೆಗೆ ಸುಮ್ಮನಾಗಿತ್ತು. ಪ್ರತಿ ಸಲವೂ ಅದೇ ಜಾಗ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅವ್ವಾ, ರಾತ್ರಿ ಸ್ವಿಚ್ಚು ಆರಿಸಿದ್ಯಾ?"

ಆರಿಸದೆ ಇರುತ್ತೇನೆಯೆ!

ಹೊಸ ಪ್ರೋಗ್ರಾಮು ಹಳೆಯ ಪಟ್ಟಿಯನ್ನು ಒಪ್ಪದೆ ರಾತ್ರಿ ಹೊಸ ಪಟ್ಟಿ ಬರೆಯಲು ಕುಳಿತಿತ್ತು. ನಡುವೆ ನಾನು ಕರೆಂಟು ತೆಗೆದೆ. ಪಟ್ಟಿ ಅರ್ಧಕ್ಕೆ ನಿಂತು ಕೆಟ್ಟಿತು. ಬೆಳಿಗ್ಗೆಯಿಂದ ಆ ಅರೆಬರೆ ಪಟ್ಟಿಗೇ ಎಡವಿ ಎಡವಿ ಬೀಳುತ್ತಿತ್ತು. ನಾವೆಲ್ಲ ಬೈದದ್ದು ಮಾತ್ರ ಹೊಸ ತಂತ್ರಾಂಶವನ್ನು!

"ಆ ಪಟ್ಟಿ ತೆಗೆದುಬಿಡು" ಎಂದ ಮಗ. ನನ್ನ ಬೆರಳು ಏಳಲಿಲ್ಲ. "ಹಾಡು ಹೋದರೆ?" "ಡಬ್ಬಿ ಮ್ಯಾಲಿನ ಚೀಟಿ ಹರಿದ್ರೆ ಒಳಗಿನ ಬ್ಯಾಳಿ ಎಲ್ಲಿ ಹೋಗ್ತದವ್ವ?" ಎಂದು ನಕ್ಕ. ನನ್ನ ಸಮಾಧಾನಕ್ಕಾಗಿ, ಪಟ್ಟಿಯನ್ನು ಅಳಿಸದೆ ಹೆಸರು ಬದಲಿಸಿ ಪಕ್ಕಕ್ಕಿಡಿಸಿದ. ಸರಿಹೋಗದಿದ್ದರೆ ಮತ್ತೆ ಅಲ್ಲೇ ಇಡಬಹುದಲ್ಲ. ಪ್ರೋಗ್ರಾಮನ್ನು ಎಬ್ಬಿಸಿದೆ. ಬೀಳಲಿಲ್ಲ. ಚಹಾ ಕುದಿಯುವಷ್ಟರಲ್ಲಿ ಹೊಸ ಪಟ್ಟಿ ತಯಾರಾಗಿತ್ತು. ಟೀವಿಯಲ್ಲಿ ಅತ್ತೆ ಸೋಬಾನೆ ಎತ್ತಿಕೊಂಡರು, ಹಿಂದೆ ಮದುವೆಮನೆಯ ಮಕ್ಕಳ ಗದ್ದಲ.

ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದೀತು. ಕೈಕೊಟ್ಟಾಗ ಮೊದಲು ಬೇಕಾದ್ದನ್ನು ಇನ್ನೊಂದು ಕಡೆ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಅದರ ದಿನಚರಿ ಓದಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾನು ಕಲಿತದ್ದು ಇಷ್ಟೇ.

ಈಗ ಎಲ್ಲ ಸ್ವಿಚ್ಚು ಆರಿಸಿದ ಮೇಲೂ ನಡುಮನೆಯಲ್ಲಿ ಆ ಡಬ್ಬಿಯ ಹಸಿರು ದೀಪವೊಂದು ಮಿಣುಕುತ್ತಿರುತ್ತದೆ. ಅತ್ತೆ ಇದ್ದಿದ್ದರೆ ಬೈಯುತ್ತಿದ್ದರು. ಬೈಯಲಿ, ನಿಮ್ಮ ಹಾಡಿಗಾಗಿಯೇ ಅತ್ತೇ ಎನ್ನುತ್ತಿದ್ದೆ. ಅಷ್ಟಾದರೂ ಮಾತು ನಮ್ಮ ನಡುವೆ ಬೆಳೆಯುತ್ತಿತ್ತು.